ಟೋಕನ್ ಹಾಕಿ ಸೈಟು ಮಾರುವವರು



"ಕೈಯಿಂದ ದುಡ್ಡು ಹಾಕದೆ ರಿಯಲ್ ಎಸ್ಟೇಟ್ ಮಾಡಬಹುದಂತಲ್ಲ, ನಿಜವಾ ಸಾರ್?" ಈ ಪ್ರಶ್ನೆ ಹೊತ್ತು ಬರುವ ಹುಡುಗರು ನಮ್ಮ ಜಯನಗರದ ಕಡೆ ಈಚೆಗೆ ಜಾಸ್ತಿಯಾಗಿದ್ದಾರೆ. ಕೆಲಸ ಬಿಟ್ಟವರು, ಬಿಡಬೇಕೆಂದಿರುವವರು, ಸಂಬಳ ಸಾಲದವರು. ಹೆಚ್ಚಿನವರು ಯೂಟ್ಯೂಬಿನಲ್ಲಿ ಅಮೆರಿಕದ ಯಾರೋ ಪುಣ್ಯಾತ್ಮನ ಪಾಠ ಕೇಳಿಸಿಕೊಂಡೇ ಬಂದಿರುತ್ತಾರೆ. ಅಲ್ಲಿ ಈ ವ್ಯವಹಾರಕ್ಕೆ ಹೋಲ್‌ಸೇಲಿಂಗ್ ಅನ್ನುತ್ತಾರೆ. ಸೂರು ಸೋರುವ, ವರ್ಷಗಟ್ಟಲೆ ಬಣ್ಣ ಕಾಣದ ಹಳೇ ಮನೆಯೊಂದನ್ನು ಹುಡುಕುವುದು; ಮಾಲೀಕನ ಜೊತೆ ಕಡಿಮೆ ಬೆಲೆಗೆ ಕರಾರು ಮಾಡಿಕೊಳ್ಳುವುದು; ಗಡುವು ಮುಗಿಯುವುದರೊಳಗೆ ಅದೇ ಕರಾರನ್ನು ಇನ್ನೊಬ್ಬನಿಗೆ ಹೆಚ್ಚಿನ ಬೆಲೆಗೆ ದಾಟಿಸಿ, ನಡುವಿನ ಅಂತರವನ್ನು ಜೇಬಿಗಿಳಿಸುವುದು. ಮನೆ ಕೊಳ್ಳುವುದೂ ಇಲ್ಲ, ರಿಪೇರಿ ಮಾಡಿಸುವುದೂ ಇಲ್ಲ, ಬ್ಯಾಂಕಿನ ಮೆಟ್ಟಿಲು ಹತ್ತುವುದೂ ಇಲ್ಲ.

ಕೇಳುವುದಕ್ಕೆ ಹೊಸದು, ದಕ್ಷಿಣ ಬೆಂಗಳೂರಿಗೆ ಮಾತ್ರ ಹಳೆಯದು. ನಮ್ಮಲ್ಲಿ ಇದನ್ನು ಟೋಕನ್ ಹಾಕೋದು, ಅಗ್ರಿಮೆಂಟ್ ಮಾಡ್ಕೊಂಡು ಪಾರ್ಟಿ ಹುಡುಕೋದು ಅಂತ ಕರೆಯುತ್ತಾ ಬಂದಿದ್ದಾರೆ. ಟೋಕನ್ ಅಂದರೆ ಮುಂಗಡ. ಬನಶಂಕರಿಯ ದರ್ಶಿನಿಗಳಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ನಿಂತೇ ಕಾಫಿ ಕುಡಿಯುವವರನ್ನು ಗಮನಿಸಿ. ಸ್ಕೂಟರಿನ ಡಿಕ್ಕಿಯಿಂದ ಪ್ಲಾಸ್ಟಿಕ್ ಕವರೊಂದು ಹೊರಗೆ ಬರುತ್ತದೆ. ಅದರೊಳಗೆ ಒಂದು ಜೆರಾಕ್ಸ್ ಸೆಟ್: ಕ್ರಯಪತ್ರ, ಖಾತಾ, ಕಂದಾಯ ರಸೀದಿ, ಇಸಿ ಎಂಬ ಋಣಭಾರ ಪತ್ರ, ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಸೈಟಿನ ಅಳತೆ. "ಡೈರೆಕ್ಟ್ ಪಾರ್ಟಿನಾ?" ಎಂಬುದು ಮೊದಲ ಪ್ರಶ್ನೆ. ಡೈರೆಕ್ಟ್ ಅಂದರೆ ನಡುವೆ ಇನ್ನೊಬ್ಬ ಬ್ರೋಕರ್ ಇಲ್ಲ ಎಂದರ್ಥ. ಅದೇ ಸೆಟ್ಟು ಸಂಜೆಯೊಳಗೆ ಜೆ.ಪಿ. ನಗರದ ಇನ್ನೂ ನಾಲ್ಕು ಡಿಕ್ಕಿಗಳಲ್ಲಿ ಇದ್ದರೆ ಆಶ್ಚರ್ಯವಿಲ್ಲ.

ನಾನು ಇಂಥ ಸೆಟ್ಟುಗಳನ್ನು ಓದಿ ಲೀಗಲ್ ಒಪೀನಿಯನ್ ಬರೆಯುವ ಕಸುಬಿನವನು. ಆ ಹುಡುಗರಿಗೆ ನಾನು ಹೇಳುವುದು ಒಂದೇ. ಅಮೆರಿಕದ ಆ ಪಾಠದಲ್ಲಿ ಬೆಲೆ ಇಳಿಯುವುದು ಸೂರು ಸೋರಿದರೆ. ಇಲ್ಲಿ ಸೂರು ಯಾರಿಗೆ ಬೇಕು? ಜಯನಗರದಲ್ಲಿ ಹಳೇ ಮನೆ ಕೊಳ್ಳುವವರು ಬಹುಮಟ್ಟಿಗೆ ಒಡೆದು ಕಟ್ಟುವುದಕ್ಕೇ ಕೊಳ್ಳುವುದು. ಇಲ್ಲಿ ಬೆಲೆ ಇಳಿಯುವುದು ಪತ್ರ ಸೋರಿದರೆ. ಪಕ್ಕದ ಸೈಟಿಗಿಂತ ಈ ಸೈಟು ಅಗ್ಗಕ್ಕೆ ಸಿಗುತ್ತಿದೆ ಎಂದರೆ ಅದರ ಕಾಗದದಲ್ಲಿ ಎಲ್ಲೋ ಒಂದು ಗಂಟಿದೆ. ಆ ಗಂಟು ಬಿಚ್ಚಬಲ್ಲವನಿಗೆ ಈ ಕಸುಬಿನಲ್ಲಿ ಜಾಗವಿದೆ. ಗಂಟು ಇದೆಯೆಂದೇ ಗೊತ್ತಿಲ್ಲದೆ ಟೋಕನ್ ಹಾಕುವವನು ಟೋಕನ್ ಕಳೆದುಕೊಳ್ಳುತ್ತಾನೆ.

ಗಂಟು ಎಲ್ಲಿಂದ ಬಂತು ಅಂದರೆ, ಈ ಬಡಾವಣೆಗಳು ಹುಟ್ಟಿದ ರೀತಿಯಿಂದ. ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರಲ್ಲಿ, ಆಗಿನ ಗವರ್ನರ್ ಜನರಲ್ ರಾಜಾಜಿಯವರಿಂದ; ಅಶೋಕ ಸ್ತಂಭ ಅದರ ನೆನಪಿಗೆ ನಿಂತಿದೆ. ಸೈಟು ಹಂಚುವ ಕೆಲಸ 1945ರಲ್ಲಿ ಶುರುವಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನದು. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಬಂತು. ಈ ಎರಡು ಸಂಸ್ಥೆಗಳು ಹಂಚಿದ ಸೈಟಿನ ದಾರಿ ಮೂಲದಲ್ಲಿ ನೇರವಾದದ್ದು. ಹಂಚಿಕೆ ಪತ್ರ, ಲೀಸ್ ಕಂ ಸೇಲ್ ಕರಾರು, ಸ್ವಾಧೀನ ಪತ್ರ, ಕೊನೆಗೆ ಪೂರ್ಣ ಕ್ರಯಪತ್ರ. ಬಿಡಿಎ ಸೈಟಿನಲ್ಲಿ ಹತ್ತು ವರ್ಷ ಪರಭಾರೆ ಮಾಡಕೂಡದು ಎಂಬ ಷರತ್ತು ಇರುತ್ತಿತ್ತು. ಆದರೆ ಮಗಳ ಮದುವೆ ಹತ್ತು ವರ್ಷ ಕಾಯುತ್ತದೆಯೇ? ಷರತ್ತಿನ ಅವಧಿಯಲ್ಲೇ ಸೈಟು ಕೈಬದಲಾಯಿಸಿತು. ಕ್ರಯಪತ್ರ ಮಾಡುವಂತಿಲ್ಲವಲ್ಲ, ಹಾಗಾಗಿ ಒಂದು ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ), ಒಂದು ಅಗ್ರಿಮೆಂಟು, ಒಂದು ಅಫಿಡವಿಟ್ಟು, ಭದ್ರತೆಗೆ ಒಂದು ವಿಲ್ಲು. ಕೊಂಡವನು ಮನೆ ಕಟ್ಟಿ ಗೃಹಪ್ರವೇಶವನ್ನೂ ಮಾಡಿದ. ದಾಖಲೆಯಲ್ಲಿ ಮಾತ್ರ ಮೊದಲ ಹಂಚಿಕೆದಾರರೇ ಮಾಲೀಕರು.

ಅಂಥ ಹಂಚಿಕೆದಾರರಲ್ಲಿ ಎಷ್ಟೋ ಮಂದಿ ಈಗ ಇಲ್ಲ. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಜಿಪಿಎಯ ಜೀವವೂ ಹೋದಂತೆಯೇ. 2011ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಇನ್ನೊಂದು ಮಾತನ್ನು ಖಂಡತುಂಡವಾಗಿ ಹೇಳಿತು: ಜಿಪಿಎ, ಅಗ್ರಿಮೆಂಟು, ವಿಲ್ಲು ಮೂರನ್ನೂ ಒಟ್ಟಿಗೆ ಕಟ್ಟಿಕೊಟ್ಟರೂ ಮಾಲೀಕತ್ವ ದಾಟುವುದಿಲ್ಲ, ಅದಕ್ಕೆ ನೋಂದಣಿಯಾದ ಕ್ರಯಪತ್ರವೇ ಬೇಕು. ಮೂಲ ಹಂಚಿಕೆದಾರರ ಮಕ್ಕಳನ್ನು ಹುಡುಕಿ, ಅವರ ಒಪ್ಪಿಗೆ ಪಡೆದು, ಕ್ರಯಪತ್ರ ಮಾಡಿಸಿಕೊಡುವ ಕೆಲಸ ಹೀಗೆ ಹುಟ್ಟಿಕೊಂಡಿತು. ಬೇಸರದ ಕೆಲಸ ಅದು. ಆದರೆ ಅದನ್ನು ಮಾಡಿ ಮುಗಿಸಿದ ದಿನ ಸೈಟಿನ ಬೆಲೆ ಏರುತ್ತದೆ.

ಇನ್ನು ಹಳ್ಳಿಗಳ ಕಥೆಯೇ ಬೇರೆ. ಬಿಟಿಎಂ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಜೆ.ಪಿ. ನಗರದ ಮಗ್ಗುಲಲ್ಲಿ ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ. ಬನಶಂಕರಿಯ ಕಡೆ ಕತ್ರಿಗುಪ್ಪೆ, ಕದಿರೇನಹಳ್ಳಿ. ಬಿಡಿಎ ಸ್ವಾಧೀನ ಮಾಡಿಕೊಂಡ ಜಮೀನು, ಮಾಡಿಕೊಳ್ಳದೆ ಬಿಟ್ಟ ಗ್ರಾಮಠಾಣಾ, ಮಾಡಿಕೊಂಡು ಕೈಬಿಟ್ಟ ಸರ್ವೆ ನಂಬರು, ಗೃಹ ನಿರ್ಮಾಣ ಸಹಕಾರ ಸಂಘಗಳ ಲೇಔಟು, ಕೃಷಿ ಜಮೀನನ್ನು ಹಾಗೆಯೇ ಸೈಟು ಕತ್ತರಿಸಿ ಮಾರಿದ ರೆವಿನ್ಯೂ ಲೇಔಟು ಎಲ್ಲವೂ ಒಂದೇ ರಸ್ತೆಯ ಆಚೆ ಈಚೆ ಸಿಗುತ್ತವೆ. ಎಡಗಡೆಯ ಸೈಟಿಗೆ ಕ್ರಮಬದ್ಧ ಸ್ವತ್ತಿನ ಎ ಖಾತಾ, ಬಲಗಡೆಯದಕ್ಕೆ ಕ್ರಮಬದ್ಧವಲ್ಲದ್ದರ ಬಿ ಖಾತಾ. ಖಾತಾ ಎಂಬುದು ಕಂದಾಯ ಕಟ್ಟುವವರ ಹೆಸರಿನ ದಾಖಲೆಯಷ್ಟೇ, ಅದು ಮಾಲೀಕತ್ವದ ಪತ್ರವಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ಕನಕಪುರ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ನಡುವೆ ಬರಬಹುದು. ಸರ್ಕಾರದ ಅನುಮತಿಯಿಲ್ಲದೆ ಅಂಥದ್ದನ್ನು ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಮಾರಾಟವೇ ಅನೂರ್ಜಿತ.

ಎಲ್ಲಕ್ಕಿಂತ ಬಿಗಿಯಾದ ಗಂಟು ಮನೆಯೊಳಗಿನದು. ಜಯನಗರದಲ್ಲಿ ತಂದೆ ಕಟ್ಟಿಸಿದ ಮನೆ. ತಾಯಿ ಒಬ್ಬರೇ ಇದ್ದಾರೆ. ಒಬ್ಬ ಮಗ ನ್ಯೂಜೆರ್ಸಿಯಲ್ಲಿ, ಒಬ್ಬಳು ಮಗಳು ಮೈಸೂರಿನಲ್ಲಿ, ಇನ್ನೊಬ್ಬ ಮಗ ಮಹಡಿಯ ಮೇಲೆ. ಮಾರಬೇಕೆಂದು ಎಲ್ಲರಿಗೂ ಇದೆ, ಒಬ್ಬರಿಗೊಬ್ಬರು ಮಾತಿಲ್ಲ. ಬ್ರೋಕರ್ ಮಹಡಿಯ ಮಗನೊಬ್ಬನ ಸಹಿ ಹಾಕಿಸಿಕೊಂಡು ಟೋಕನ್ ಕೊಡುತ್ತಾನೆ. "ಹೆಣ್ಮಕ್ಳಿಗೆ ಮದುವೆ ಮಾಡಿ ಕೊಟ್ಟಾಯ್ತಲ್ಲ" ಎಂಬುದು ಅವನ ಕಾನೂನು. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ತಂದೆಯ ಸ್ವಯಾರ್ಜಿತವಾಗಿದ್ದು ವಿಲ್ಲಿಲ್ಲದೆ ತೀರಿಕೊಂಡಿದ್ದರಂತೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು. ಮಗಳ ಸಹಿಯೋ, ಅವಳು ನೋಂದಾಯಿಸಿಕೊಟ್ಟ ಹಕ್ಕು ಬಿಡುಗಡೆ ಪತ್ರವೋ ಇಲ್ಲದ ಅಗ್ರಿಮೆಂಟು ಒಂದು ಪಾರ್ಟಿಷನ್ ದಾವೆಗೆ ಆಹ್ವಾನ ಪತ್ರಿಕೆ.

ನ್ಯೂಜೆರ್ಸಿಯ ಮಗ ಬರಲಾಗದಿದ್ದರೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಪವರ್ ಆಫ್ ಅಟಾರ್ನಿ ದೃಢೀಕರಣ ಮಾಡಿಸಿ ಕಳಿಸಬಹುದು. ಅದು ಇಲ್ಲಿಗೆ ಬಂದು ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಅವನು ಅನಿವಾಸಿ ಮಾರಾಟಗಾರನಾದ್ದರಿಂದ ಕೊಳ್ಳುವವರು ಅವನ ಪಾಲಿನಲ್ಲಿ ಮುರಿದುಕೊಳ್ಳಬೇಕಾದ ತೆರಿಗೆಯೂ ಬೇರೆ. ಇಲ್ಲೇ ವಾಸವಿರುವವರ ಐವತ್ತು ಲಕ್ಷ ದಾಟಿದ ವ್ಯವಹಾರಕ್ಕೆ ಮುರಿಯುವ ಒಂದು ಪರ್ಸೆಂಟು ಅಲ್ಲಿ ಸಾಲದು. ಇವಿಷ್ಟನ್ನೂ ಪಟ್ಟಿ ಮಾಡಿ, ಮೂರೂ ಮಕ್ಕಳಿಗೆ ಫೋನ್ ಮಾಡಿ, ತಾಯಿಗೆ ಅರ್ಥವಾಗುವಂತೆ ಹೇಳುವವನು ಬಹಳ ಸಲ ಮನೆಯವರಿಗೆ ಸಿಗುವುದಿಲ್ಲ. ದುಡ್ಡಿಲ್ಲದ ಹುಡುಗ ಈ ಕಸುಬಿಗೆ ತರಬಹುದಾದ ಬಂಡವಾಳ ಇದು.

ಈಗ ಲೆಕ್ಕಕ್ಕೆ ಬರೋಣ. ಬನಶಂಕರಿ ಎರಡನೇ ಹಂತದಲ್ಲಿ ಒಂದು ಮೂವತ್ತು ನಲವತ್ತು ಸೈಟು, ಒಂದು ಕೋಟಿ ಎಂಬತ್ತು ಲಕ್ಷಕ್ಕೆ ಮಾತಾಯಿತು ಅಂತಿಟ್ಟುಕೊಳ್ಳಿ. ನೀವು ಐದು ಲಕ್ಷ ಮುಂಗಡ ಕೊಟ್ಟು ಮೂರು ತಿಂಗಳ ಅವಧಿ ಪಡೆದಿರಿ. ಒಂದು ಕೋಟಿ ತೊಂಬತ್ತೈದಕ್ಕೆ ಕೊಳ್ಳುವವರು ಸಿಕ್ಕರು. ಅಂತರ ಹದಿನೈದು ಲಕ್ಷ. ನ್ಯಾಯವಾಗಿ ನೀವೇ ಮೊದಲು ನಿಮ್ಮ ಹೆಸರಿಗೆ ನೋಂದಾಯಿಸಿಕೊಂಡು ಆಮೇಲೆ ಮಾರಬೇಕು ಅನ್ನೋಣ. ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 5.6, ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ ಒಂದರಿಂದ ಎರಡು ಪರ್ಸೆಂಟ್ ಆಯಿತು. ಒಟ್ಟು 7.6. ಒಂದು ಕೋಟಿ ಎಂಬತ್ತಕ್ಕೆ 13 ಲಕ್ಷದ 68 ಸಾವಿರ. ನಿಮಗುಳಿಯುವುದು ಒಂದು ಲಕ್ಷ ಮೂವತ್ತೆರಡು ಸಾವಿರ, ಅದರಲ್ಲೂ ವಕೀಲರ ಫೀಸು ಕಳೆಯಬೇಕು. ಅದೂ ಅಷ್ಟು ಹಣ ನಿಮ್ಮಲ್ಲಿ ಇದ್ದರೆ! ಎರಡು ಸಲ ರಿಜಿಸ್ಟ್ರೇಷನ್ ಮಾಡಿಸುವ ಬ್ರೋಕರನ್ನು ನೀವು ಕಾಣದಿರುವುದಕ್ಕೆ ಇದೇ ಕಾರಣ.

ಹಾಗಾಗಿ ಅಗ್ರಿಮೆಂಟಿನಲ್ಲಿ ಒಂದು ಸಾಲು ಸೇರುತ್ತದೆ. ಹಿಂದಿನ ಪುಟದಲ್ಲಿ ಚಕ್ಕುಬಂದಿ, ಮುಂದಿನದರಲ್ಲಿ ಸಾಕ್ಷಿಗಳ ಸಹಿ, ಇವೆರಡರ ನಡುವೆ ಯಾರೂ ನಿಂತು ಓದದ ಜಾಗದಲ್ಲಿ: ಮಾರಾಟಗಾರರು ಸದರಿ ಸ್ವತ್ತನ್ನು ಖರೀದಿದಾರರ ಹೆಸರಿಗೆ ಅಥವಾ ಅವರು ಸೂಚಿಸುವವರ ಹೆಸರಿಗೆ ಶುದ್ಧ ಕ್ರಯಪತ್ರ ಮಾಡಿಕೊಡತಕ್ಕದ್ದು. ಇಡೀ ಹೋಲ್‌ಸೇಲಿಂಗ್ ನಿಂತಿರುವುದು 'ಅಥವಾ ಅವರು ಸೂಚಿಸುವವರ' ಎಂಬ ಮೂರು ಪದಗಳ ಮೇಲೆ. ಕಾನೂನಿನಲ್ಲಿ ಇದು ತಪ್ಪಲ್ಲ. ಕರಾರನ್ನು ದಾಟಿಸಬಾರದು ಎಂದು ಅದರಲ್ಲೇ ಬರೆದಿರದಿದ್ದರೆ ಅದರ ಲಾಭವನ್ನು ಸಾಮಾನ್ಯವಾಗಿ ಇನ್ನೊಬ್ಬರಿಗೆ ದಾಟಿಸಬಹುದು. ಆದರೆ ನಿಮ್ಮ ಕೈಯಲ್ಲಿರುವುದೇನು ಎಂಬುದು ನಿಮಗೇ ಸ್ಪಷ್ಟವಿರಲಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ಮಾರಾಟದ ಕರಾರು ತಾನಾಗಿ ಆ ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯನ್ನೂ ಹುಟ್ಟಿಸುವುದಿಲ್ಲ. ಕ್ರಯಪತ್ರ ಮಾಡಿಕೊಡಿ ಎಂದು ಕೇಳುವ ಹಕ್ಕಷ್ಟೇ ನಿಮ್ಮದು. ಅದಕ್ಕಾಗಿ ದಾವೆ ಹೂಡಲೂ ಕರಾರಿನಲ್ಲಿ ಹೇಳಿದ ತಾರೀಖಿನಿಂದ ಮೂರೇ ವರ್ಷ. ಹಾಗಿರುವಾಗ "ನನ್ನ ಸೈಟು ಮಾರಾಟಕ್ಕಿದೆ" ಎಂದು ಜಾಹೀರಾತು ಹಾಕಿದರೆ ಸುಳ್ಳು ಹೇಳಿದಂತೆ.

ಹದಿನೈದು ಲಕ್ಷ ಎಲ್ಲಿ ಕಾಣಿಸಬೇಕು? ಸರಿಯಾದ ದಾರಿ ಒಂದೇ. ಕ್ರಯಪತ್ರಕ್ಕೆ ಮೂರು ಪಕ್ಷ: ಮಾಲೀಕರು ಮಾರಾಟಗಾರರು, ನೀವು ಸಮ್ಮತಿದಾರರು, ಕೊಳ್ಳುವವರು ಖರೀದಿದಾರರು. ಬೆಲೆ ಒಂದು ಕೋಟಿ ತೊಂಬತ್ತೈದು. ಅದರಲ್ಲಿ ಮಾಲೀಕರಿಗೆ ಇಷ್ಟು, ಸಮ್ಮತಿದಾರರಿಗೆ ಇಷ್ಟು, ಇಂಥ ಬ್ಯಾಂಕು, ಇಂಥ ಚೆಕ್ ನಂಬರು ಎಂದು ಬಿಡಿಸಿ ಬರೆಯಬೇಕು. ಬಿಡಿಸಿ ಬರೆಯದಿದ್ದರೆ ನಿಮ್ಮ ಹದಿನೈದು ಲಕ್ಷಕ್ಕೂ ಮಾಲೀಕರಿಗೆ ತೆರಿಗೆ ನೋಟಿಸು ಬರಬಹುದು. ಚಾಲ್ತಿಯಲ್ಲಿರುವ ದಾರಿ ಇನ್ನೊಂದು, ಎಲ್ಲರಿಗೂ ಗೊತ್ತಿರುವಂಥದ್ದು: ಪತ್ರದಲ್ಲಿ ಒಂದು ಎಂಬತ್ತು, ಹದಿನೈದು ಕೈಯಲ್ಲಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚನ್ನು ಮುಂಗಡವಾಗಿಯೇ ಆಗಲಿ ನಗದಾಗಿ ತೆಗೆದುಕೊಳ್ಳಕೂಡದು ಎಂದು 2015ರ ಜೂನಿನಿಂದ ಆದಾಯ ತೆರಿಗೆ ಕಾನೂನು ಹೇಳುತ್ತಾ ಬಂದಿದೆ. ತೆಗೆದುಕೊಂಡರೆ ದಂಡ ತೆಗೆದುಕೊಂಡಷ್ಟೇ ಮೊತ್ತ. ಕವರಿನಲ್ಲಿ ಹಾಕಿ ಕೊಡುವ ಟೋಕನ್ನಿಗೂ ಇದು ಅನ್ವಯ.

ಬೆಲೆ ಮುಚ್ಚಿಟ್ಟರೆ ಆಗುವ ಅವಘಡ ನಾನು ಕಣ್ಣಾರೆ ಕಂಡದ್ದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ, ಹೆಬ್ಬೆಟ್ಟಿನ ಸರದಿಗೆ ಎಲ್ಲರೂ ಒಂದೇ ಬೆಂಚಿನಲ್ಲಿ ಕೂತಿದ್ದಾರೆ. ಕೊಳ್ಳುವವರ ಹೆಂಡತಿ ಹೊತ್ತು ಹೋಗಲೆಂದು ಮಾಲೀಕರಾದ ಅಜ್ಜಿಯನ್ನು ಮಾತಾಡಿಸಿದರು. "ನಿಮ್ಮ ಸೈಟಿಗೆ ನಮ್ಮ ಊರಿನ ತೋಟವನ್ನೇ ಮಾರಿದ್ವಿ" ಎಂದವರು, ಮಾತಿನ ಭರದಲ್ಲಿ ಮೊತ್ತವನ್ನೂ ಹೇಳಿಬಿಟ್ಟರು. ಅಜ್ಜಿ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಮಗನನ್ನು ಕರೆದು, "ನಡಿ ಮನೆಗೆ" ಎಂದರು. ಅಷ್ಟೇ. ಬ್ರೋಕರ್ ಹಿಂದೆ ಹಿಂದೆ ಓಡಿದ. ಅಜ್ಜಿಯದು ಕಾನೂನಿನ ಕಣ್ಣಿನಲ್ಲಿ ಕರಾರಿನ ಉಲ್ಲಂಘನೆ ಇರಬಹುದು. ನನಗೆ ಮಾತ್ರ ಅವರ ಮೇಲೆ ಸಿಟ್ಟು ಬರಲಿಲ್ಲ.

ಅಮೆರಿಕದಲ್ಲೂ ಇಂಥ ದೂರುಗಳು ಹೆಚ್ಚಿಯೇ ಅಲ್ಲಿನ ರಾಜ್ಯಗಳು ಈ ಹೋಲ್‌ಸೇಲಿಂಗಿಗೆ ಕಡಿವಾಣ ಹಾಕತೊಡಗಿವೆ. ಇಲಿನಾಯ್ 2019ರಲ್ಲಿ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಇಂಥ ವ್ಯವಹಾರ ಮಾಡುವವರಿಗೆ ಲೈಸೆನ್ಸ್ ಬೇಕೆಂದಿತು. ಒಕ್ಲಹಾಮ 2021ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. ಯೂಟ್ಯೂಬಿನ ಪುಣ್ಯಾತ್ಮ ಈ ಭಾಗಕ್ಕೆ ಬರುವಷ್ಟರಲ್ಲಿ ವಿಡಿಯೋ ಮುಗಿದಿರುತ್ತದೆ. ನಮ್ಮಲ್ಲಿ ರಿಯಲ್ ಎಸ್ಟೇಟ್ ನಿಯಂತ್ರಣಕ್ಕೆ 2016ರ ರೇರಾ ಕಾಯ್ದೆ ಇದೆ. ಪ್ರಮೋಟರುಗಳ ನೋಂದಾಯಿತ ಯೋಜನೆಯಲ್ಲಿ ಫ್ಲಾಟು, ಸೈಟು ಮಾರಿಸುವ ಏಜೆಂಟು ನೋಂದಾಯಿಸಿಕೊಳ್ಳಲೇಬೇಕು. ಕರ್ನಾಟಕದ 2017ರ ನಿಯಮಗಳಲ್ಲಿ ಒಬ್ಬ ವ್ಯಕ್ತಿಗೆ ಶುಲ್ಕ 25 ಸಾವಿರ, ಅವಧಿ ಐದು ವರ್ಷ. ಜಯನಗರದ ಹಳೇ ಮನೆಯ ಮರುಮಾರಾಟ ಆ ಏಜೆಂಟ್ ನೋಂದಣಿಯ ವ್ಯಾಪ್ತಿಗೆ ಬರುವುದಿಲ್ಲ. ಹಾಗೆಂದು ಜೆ.ಪಿ. ನಗರದ ಹೊಸ ಅಪಾರ್ಟ್‌ಮೆಂಟಿನ ಬುಕಿಂಗನ್ನೂ ಇದೇ ಕೈಯಲ್ಲಿ ಮಾಡುತ್ತೇನೆಂದು ಹೊರಟರೆ ದಿನಕ್ಕೆ ಹತ್ತು ಸಾವಿರದ ದಂಡ ಕಾದಿರುತ್ತದೆ.

ಹಾಗಾದರೆ ಶುರು ಮಾಡುವುದು ಹೇಗೆ? ಮೊದಲ ಆರು ತಿಂಗಳು ಯಾರಿಗೂ ಟೋಕನ್ ಕೊಡಬೇಡಿ. ಒಂದೇ ಬಡಾವಣೆ ಹಿಡಿಯಿರಿ. ಬನಶಂಕರಿ ಮೂರನೇ ಹಂತವೋ, ಬಿಟಿಎಂ ಎರಡನೇ ಹಂತವೋ, ನೀವು ತರಕಾರಿ ತರುವ ರಸ್ತೆಯಿದ್ದರೆ ಇನ್ನೂ ಒಳ್ಳೆಯದು. ಅನುಭವಸ್ಥ ಬ್ರೋಕರೊಬ್ಬರ ಜೊತೆ ಮಾಮೂಲಿ ಒಂದು ಪರ್ಸೆಂಟು ಕಮಿಷನ್ನಿಗೆ ಓಡಾಡಿ. ಆ ಓಡಾಟದಲ್ಲೇ ಇಸಿ ಓದುವುದನ್ನು ಕಲಿಯಿರಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಈ ಋಣಭಾರ ಪತ್ರ ಮನೆಯಲ್ಲೇ ಸಿಗುತ್ತದೆ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಆದರೆ ಅದು 2004ರ ಏಪ್ರಿಲಿನಿಂದ ಈಚಿನದು. ಹಿಂದಿನದಕ್ಕೆ ಕಚೇರಿಯ ಪುಸ್ತಕಗಳನ್ನೇ ಹುಡುಕಿಸಬೇಕು, ಮತ್ತು ಈ ಬಡಾವಣೆಗಳ ಗಂಟುಗಳು ಬಹುಪಾಲು ಆ ಹಿಂದಿನ ಪುಸ್ತಕಗಳಲ್ಲೇ ಇವೆ. ನೋಂದಣಿಯಾಗದ ಅಗ್ರಿಮೆಂಟು ಇಸಿಯಲ್ಲಿ ಬರುವುದೇ ಇಲ್ಲ. ಅದೇ ಮಾಲೀಕ ನಿಮಗಿಂತ ಮೊದಲು ಇನ್ನಿಬ್ಬರಿಂದ ಟೋಕನ್ ತೆಗೆದುಕೊಂಡಿದ್ದರೂ ಇಸಿ ಶುಭ್ರವಾಗಿ ಹೊಳೆಯುತ್ತದೆ. ಅದಕ್ಕೇ ಪತ್ರಿಕೆಯಲ್ಲಿ ಸಾರ್ವಜನಿಕ ನೋಟಿಸು ಕೊಡಿಸುವ ಪದ್ಧತಿ. 2024ರ ಕೊನೆಯಿಂದ ನಗರದಲ್ಲಿ ನೋಂದಣಿಗೆ ಇ-ಖಾತಾ ಬೇಕೇ ಬೇಕು. ಅದು ಮಾಲೀಕರ ಹೆಸರಿಗೆ ಆಗಿದೆಯೇ ಎಂದು ಮೂರು ತಿಂಗಳ ಗಡುವಿಗೆ ಸಹಿ ಹಾಕುವ ಮೊದಲೇ ನೋಡಿ. ಗಡುವಿನ ಎರಡು ತಿಂಗಳು ಇ-ಖಾತಾಕ್ಕೇ ಕಳೆದುಹೋಗಿ ಅತ್ತುಕೊಂಡವರಿದ್ದಾರೆ.

ಗಡುವಿನೊಳಗೆ ಬೆಲೆ ಏರುವ ಅಪಾಯವೂ ಇದೆ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ ಓಡತೊಡಗಿತು. ರಾಗಿಗುಡ್ಡ, ಜಯದೇವ, ಬಿಟಿಎಂ ನಿಲ್ದಾಣಗಳ ಸುತ್ತ ಹಿಂದಿನ ಬೆಲೆಗೆ ಅಗ್ರಿಮೆಂಟು ಹಾಕಿಕೊಟ್ಟ ಮಾಲೀಕ ಫೋನ್ ಎತ್ತದಿರಲು ಮನುಷ್ಯಸಹಜವಾದ ಕಾರಣ ಅಷ್ಟು ಸಾಕು. ಅವನ ಮೇಲೆ ಕೇಸು ಹಾಕಿ ಗೆಲ್ಲಬಹುದು, ಆದರೆ ಬೆಂಗಳೂರಿನ ಸಿವಿಲ್ ಕೋರ್ಟಿನ ವೇಗ ನಿಮ್ಮ ಐದು ಲಕ್ಷಕ್ಕೆ ಒಗ್ಗುವಂಥದ್ದಲ್ಲ. ಮೊದಲೇ ಮಾಲೀಕರಿಗೆ ಬಾಯಿಬಿಟ್ಟು ಹೇಳಿ: "ಅಮ್ಮಾ, ನಾನು ಕೊಳ್ಳುವವನಲ್ಲ, ಕೊಳ್ಳುವವರನ್ನು ತರುವವನು. ನಿಮ್ಮ ಕಾಗದ ಸರಿಮಾಡಿಸುವ ಖರ್ಚು ನನ್ನದು. ನಿಮಗೆ ಇಷ್ಟು ಸಿಗುತ್ತದೆ, ಅದರ ಮೇಲೆ ಬಂದದ್ದು ನನ್ನದು." ಒಪ್ಪದವರು ಒಪ್ಪುವುದಿಲ್ಲ. ಒಪ್ಪಿದವರು ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನಿಂದ ಎದ್ದು ಹೋಗುವುದಿಲ್ಲ.

ಈ ಮಾತು ಕೇಳುತ್ತಿರುವ ಮನೆ ಮಾಲೀಕರಿಗೂ ಎರಡು ಮಾತು. ಟೋಕನ್ ಚೆಕ್ಕಿನಲ್ಲೇ ತೆಗೆದುಕೊಳ್ಳಿ. ಮೂಲ ಪತ್ರಗಳನ್ನು ತೋರಿಸಿ, ಕೊಡಬೇಡಿ. ಪೂರ್ತಿ ಹಣ ಬರುವ ಮೊದಲು ಬೀಗದ ಕೈ ಕೊಡಬೇಡಿ. ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ, ಮತ್ತು ಒಳಗೆ ಬಂದವರನ್ನು ಹೊರಗೆ ಕಳಿಸುವುದು ಬೇರೆಯದೇ ಪಾಡು. ಅಗ್ರಿಮೆಂಟು ನೋಂದಾಯಿಸಿಕೊಟ್ಟಿದ್ದರೆ ಅದು ನಿಮ್ಮ ಇಸಿಯಲ್ಲಿ ಕೂತಿರುತ್ತದೆ. ಗಡುವು ಮುಗಿದರೂ ತಾನಾಗಿ ಅಳಿಸಿಹೋಗುವುದಿಲ್ಲ. ಎರಡೂ ಕಡೆಯವರು ಹೋಗಿ ರದ್ದು ಪತ್ರ ನೋಂದಾಯಿಸಬೇಕು, ಅಲ್ಲಿಯವರೆಗೆ ಮುಂದಿನ ಪಾರ್ಟಿಯ ಬ್ಯಾಂಕು ಸಾಲ ಕೊಡಲು ಹಿಂದೆಮುಂದೆ ನೋಡುತ್ತದೆ. ಆದ್ದರಿಂದ ಗಡುವು ಮೀರಿದ ಹದಿನೈದು ದಿನದೊಳಗೆ ರದ್ದು ಪತ್ರಕ್ಕೆ ಬಂದು ಸಹಿ ಹಾಕಬೇಕು, ಸಹಿ ಹಾಕಿದ ದಿನವೇ ಮುಂಗಡ ವಾಪಸು ಎಂಬ ಷರತ್ತನ್ನು ಅಗ್ರಿಮೆಂಟಿನಲ್ಲೇ ಬರೆಸಿ. ಪಾರ್ಟಿ ಸಿಗದ ಹುಡುಗನಿಗೂ ಆ ಷರತ್ತಿನಿಂದ ತನ್ನ ಐದು ಲಕ್ಷ ಹಿಂದಕ್ಕೆ ಬರುತ್ತದೆ, ನಿಮ್ಮ ಇಸಿಯೂ ಬಿಡುಗಡೆಯಾಗುತ್ತದೆ.